ಕಾರ್ಡ್ ಕಳೆದದ್ದು ಕ್ಯಾಲಿಫೋರ್ನಿಯಾದಲ್ಲಿ, ಓಟಿಪಿ ಬಂದದ್ದು ಆಗುಂಬೆಯಲ್ಲಿ

ವಿದೇಶದಲ್ಲಿರುವ ಮಕ್ಕಳ ಎಟಿಎಂ ಕಾರ್ಡ್ ಕಳೆದರೆ ಅಪ್ಪ ಅಮ್ಮ ಶಿವಮೊಗ್ಗದ ನಮ್ಮ ಬ್ಯಾಂಕ್ ಶಾಖೆಗೆ ಬರುತ್ತಾರೆ. ಹೊಸನಗರ, ತೀರ್ಥಹಳ್ಳಿ ಕಡೆಯಿಂದ ಅಡಿಕೆ ಕೊಯ್ಲು ಬಿಟ್ಟು ಬಸ್ಸು ಹಿಡಿದು ಬಂದವರನ್ನು ಬರಿಗೈಲಿ ಕಳಿಸುವುದು ನನಗೂ ಸಂಕಟವೇ. ಆದರೆ ಖಾತೆ ಮಗಳದಾದರೆ ಅಪ್ಪನ ಸಹಿಗೆ ಕಾರ್ಡ್ ಕೊಡಲು ಬರುವುದಿಲ್ಲ.

ಬ್ಲಾಕ್ ಮಾಡುವುದು, ಹೊಸದು ಕೇಳುವುದು ಆ್ಯಪ್‌ನಲ್ಲೇ ಆಗುವ ಕೆಲಸ. ತೊಡಕಿರುವುದು ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನಲ್ಲಿ. ಇದನ್ನು ಎಷ್ಟು ಸಲ ಹೇಳಿದರೂ ಜನ ಕಾರ್ಡಿನ ಬಗ್ಗೆಯೇ ಕೇಳುತ್ತಾರೆ! ಹೊಸ ಕಾರ್ಡಿಗೆ ಪಿನ್ ಹಾಕಲು ಓಟಿಪಿ ಬೇಕು. 2020ರ ಅಕ್ಟೋಬರ್ 1ರ ನಂತರ ಕೊಡುವ ಕಾರ್ಡುಗಳಲ್ಲಿ ಹೊರದೇಶದ ಬಳಕೆ ಮುಚ್ಚಿಯೇ ಇರುತ್ತದೆ, ಅದನ್ನು ನೀವೇ ತೆರೆಯಬೇಕು. ತೆರೆಯಲು ಆ್ಯಪ್, ಆ್ಯಪನ್ನು ಹೊಸ ಫೋನಿಗೆ ಹಾಕಿಕೊಳ್ಳಲು ಮತ್ತದೇ ನಂಬರು. ಆ ಸಿಮ್ ಎಲ್ಲಿದೆ? ಊರಲ್ಲಿ, ಅಪ್ಪನ ಫೋನಿನಲ್ಲಿ. ಇಲ್ಲವೇ ರೀಚಾರ್ಜ್ ಇಲ್ಲದೆ ಸತ್ತು, ಆ ನಂಬರು ಬೇರೆ ಯಾರದೋ ಪಾಲಾಗಿದೆ.

ಆಗುಂಬೆ ಕಡೆಯ ಒಬ್ಬರ ಮನೆಯಲ್ಲಿ ವೈಫೈ ಇದೆ, ಮೊಬೈಲ್ ಸಿಗ್ನಲ್ ಇಲ್ಲ. ಕ್ಯಾಲಿಫೋರ್ನಿಯಾದಿಂದ ಮಗಳು ನಡುರಾತ್ರಿ ವಾಟ್ಸ್ಆ್ಯಪ್ ಕರೆ ಮಾಡಿ ಓಟಿಪಿ ಕೇಳುತ್ತಾಳೆ. ಇವರು ಮಳೆಯಲ್ಲಿ ಕೊಡೆ ಹಿಡಿದು ತೋಟದ ಮೇಲಿನ ದಿಬ್ಬ ಹತ್ತಬೇಕು. ಸಂಖ್ಯೆ ಓದಿಕೊಂಡು ಇಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿರುತ್ತದೆ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಮುಂದೆ ಕೂತಿದ್ದರು.

ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಹೀಗೆ ಓಟಿಪಿ ಓದಿ ಹೇಳುವುದು ಅಭ್ಯಾಸವಾದ ಹಿರಿಯರಿಗೆ ನಾಳೆ 'ನಿಮ್ಮ ಮಗಳ ಕಾರ್ಡಿನ ವಿಷಯ' ಎಂದು ಕಳ್ಳನೇ ಕರೆ ಮಾಡಿದರೆ? ಗುಟ್ಟಿನ ಸಂಖ್ಯೆ ಹಂಚಿಕೊಂಡು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದ್ದೇ ಎಂದು ರಿಸರ್ವ್ ಬ್ಯಾಂಕಿನ 2017ರ ಜುಲೈ ಸುತ್ತೋಲೆ ಹೇಳಿತ್ತು.

ಹಾಗಾದರೆ ಮಕ್ಕಳಿರುವ ದೇಶದ ನಂಬರನ್ನೇ ಖಾತೆಗೆ ಜೋಡಿಸಬಾರದೇ? ಜೋಡಿಸಬಹುದು. ಆದರೆ ಹಲವು ಬ್ಯಾಂಕುಗಳು ಎನ್‌ಆರ್‌ಇ, ಎನ್‌ಆರ್‌ಒ ಎಂಬ ಅನಿವಾಸಿ ಭಾರತೀಯರ ಖಾತೆಗಳಿಗೆ ಮಾತ್ರ ಅದಕ್ಕೆ ಒಪ್ಪುತ್ತವೆ. ನಮ್ಮ ಮಕ್ಕಳು ಕೆಲಸಕ್ಕೆಂದು ಹೋಗಿ ವರ್ಷಗಳಾದರೂ ಕಾಲೇಜು ದಿನಗಳ ಉಳಿತಾಯ ಖಾತೆಯನ್ನೇ ಇಟ್ಟುಕೊಂಡಿರುತ್ತಾರೆ. ಅನಿವಾಸಿಯಾದ ಮೇಲೆ ಅದನ್ನು ಎನ್‌ಆರ್‌ಒ ಆಗಿ ಬದಲಿಸುವುದು ಫೆಮಾ, ಅಂದರೆ ವಿದೇಶಿ ವಿನಿಮಯ ಕಾಯ್ದೆಯ ನಿಯಮ. ಇದರಲ್ಲಿ ಹೆದರುವಂಥದ್ದೇನೂ ಇಲ್ಲ, ಹಣ ಎಲ್ಲೂ ಹೋಗುವುದಿಲ್ಲ. ಅಲ್ಲಿಯವರೆಗೆ ಇಲ್ಲಿನ ಸಿಮ್ಮನ್ನು ರೋಮಿಂಗ್ ಹಾಕಿಸಿಕೊಂಡು ಜೊತೆಗೇ ಒಯ್ಯಲಿ. ಒಳಬರುವ ಎಸ್ಸೆಮ್ಮೆಸ್ಸಿಗೆ ಸಾಮಾನ್ಯವಾಗಿ ಶುಲ್ಕವಿಲ್ಲ, ಕಂಪನಿಯನ್ನು ಒಮ್ಮೆ ಕೇಳಿಕೊಳ್ಳಿ.

ಆ ಮಗಳ ಅರ್ಜಿ ಕೊನೆಗೆ ಅಂಚೆಯಲ್ಲಿ ಬಂತು. ದಾಖಲೆಗಳ ಪ್ರತಿಗೆ ಅಲ್ಲಿನ ಭಾರತೀಯ ದೂತಾವಾಸದ ದೃಢೀಕರಣವಿತ್ತು. ಖಾತೆ ಬದಲಾಯಿತು, ನಂಬರು ಬದಲಾಯಿತು. ಕಾರ್ಡ್ ಅವಳ ವಿಳಾಸಕ್ಕೇ ಹೋಯಿತು. ಪ್ರತಿ ಬ್ಯಾಂಕಿನ ಕ್ರಮ ಬೇರೆ. ಮನೆಗೆ ಬಂದ ಕಾರ್ಡನ್ನು ಪಿನ್ ಚೀಟಿಯ ಸಮೇತ ಅಪ್ಪೆಮಿಡಿ ಉಪ್ಪಿನಕಾಯಿಯ ಪಾರ್ಸೆಲ್ಲಿನಲ್ಲಿ ಮಾತ್ರ ಕಳಿಸಬೇಡಿ, ದಯವಿಟ್ಟು ಮೊದಲು ನಿಮ್ಮ ಶಾಖೆಯನ್ನು ಕೇಳಿ.