ಉಳುಕಿದ ಪಾದದೊಳಗೆ ಯಾವ ಮೂಳೆ ಎಷ್ಟು ಸರಿಯುತ್ತದೆ?

ಮಳೆಗಾಲದಲ್ಲಿ ತೋಟದ ಧರೆ ಇಳಿಯುವಾಗಲೋ, ಪಾಚಿ ಕಟ್ಟಿದ ಕಾಲುಸಂಕ ದಾಟುವಾಗಲೋ ಕಾಲು ಉಳುಕುವುದು ಮಲೆನಾಡಿಗೆ ಹೊಸದಲ್ಲ. ಮೊದಲು ಊರಲ್ಲೇ ಎಣ್ಣೆ ಹಚ್ಚಿ ನೀವಿಸಿಕೊಳ್ಳುತ್ತಾರೆ. ನೋವು ಇಳಿಯದಿದ್ದರೆ ಶಿವಮೊಗ್ಗಕ್ಕೆ ಬಂದು ಎಕ್ಸ್‌ರೇ. ‘ಮೂಳೆ ಮುರಿದಿಲ್ಲ’ ಅನ್ನುತ್ತಾರೆ ಡಾಕ್ಟರು. ಹಾಗಾದರೆ ಹೆಜ್ಜೆ ಇಟ್ಟಾಗ ಯಾಕೆ ನೋವು? ಎಕ್ಸ್‌ರೇಯಲ್ಲಿ ಮೂಳೆ ಕಟ್ಟುವ ತಂತುಗಳು ಕಾಣುವುದಿಲ್ಲ. ಅದು ತೋರಿಸುವುದೂ ಅಲ್ಲಾಡದೆ ಇಟ್ಟ ಪಾದವನ್ನು.

ಒಂದು ಪಾದದಲ್ಲಿ 26 ಮೂಳೆಗಳಿವೆ. ನಡೆಯುವಾಗ ಅವು ಹೇಗೆ ಸರಿಯುತ್ತವೆ ಎಂದು ಅಳೆಯಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು.

ರಾಂಟ್‌ಗನ್ ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. 1920ರ ದಶಕದ ಹೊತ್ತಿಗೆ ಅಮೆರಿಕ, ಬ್ರಿಟನ್ನಿನ ಚಪ್ಪಲಿ ಅಂಗಡಿಗಳಲ್ಲೇ ಎಕ್ಸ್‌ರೇ ಯಂತ್ರ ಬಂತು. ಮಕ್ಕಳು ಹೊಸ ಶೂ ಹಾಕಿ ನಿಂತರೆ ಒಳಗೆ ಬೆರಳಿನ ಮೂಳೆ ಆಡುವುದು ಕಾಣುತ್ತಿತ್ತು. ವ್ಯಾಪಾರಕ್ಕೆ ಒಳ್ಳೆಯದಾಯಿತು, ಮೈಗೆ ಸುಮ್ನೆ ವಿಕಿರಣ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ 1957ರಲ್ಲಿ ಅದನ್ನು ನಿಷೇಧಿಸಿತು.

ಆಮೇಲೆ ಚರ್ಮದ ಮೇಲೆ ಹೊಳೆಯುವ ಗುಂಡುಗಳನ್ನು ಅಂಟಿಸಿ, ನಡೆಯುವಾಗ ಕ್ಯಾಮೆರಾದಲ್ಲಿ ಹಿಡಿಯುವ ಪದ್ಧತಿ ಬಂತು. ಇಂದಿಗೂ ಜಾಸ್ತಿ ಬಳಕೆಯಲ್ಲಿರುವುದು ಅದೇ. ಆದರೆ ಚರ್ಮ ಮೂಳೆಯ ಮೇಲೆ ಜಾರುತ್ತದೆ, ಅಲ್ವಾ? ಇನ್ನೂ ದೊಡ್ಡ ತೊಡಕು ಟೇಲಸ್ ಎಂಬ ಮೂಳೆ. ಕಾಲಿನ ಮೂಳೆಗೂ ಹಿಮ್ಮಡಿಗೂ ನಡುವೆ ಹುದುಗಿರುವ ಇದಕ್ಕೆ ಒಂದು ಸ್ನಾಯುವೂ ಅಂಟಿಲ್ಲ. ಗುಂಡು ಅಂಟಿಸಲು ಹೊರಗೆ ಜಾಗವೂ ಇಲ್ಲ. ಉಳುಕಿನ ಗುಟ್ಟೆಲ್ಲ ಇರುವುದು ಅದರ ಸುತ್ತಮುತ್ತವೇ.

ಸ್ವೀಡನ್ನಿನವರು ಗಟ್ಟಿ ಜನ. ಲುಂಡ್‌ನ ಗೋರಾನ್ ಸೆಲ್ವಿಕ್ 1974ರಲ್ಲಿ, ಮೂಳೆಯೊಳಗೆ ಟ್ಯಾಂಟಲಮ್ ಲೋಹದ ಪುಟ್ಟ ಗುಂಡು ಕೂರಿಸಿ ಎರಡು ದಿಕ್ಕಿನಿಂದ ಎಕ್ಸ್‌ರೇ ತೆಗೆದು ಅಳೆಯುವ ವಿಧಾನವನ್ನು ವಿವರಿಸಿದರು. 2008ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಆರು ಮಂದಿ ಮೂಳೆಗೇ ಲೋಹದ ಕಡ್ಡಿ ಚುಚ್ಚಿಸಿಕೊಂಡು ನಡೆದರು! ಪಾದದ ನಡುಭಾಗದ ಮೂಳೆಗಳು ಅಂದುಕೊಂಡದ್ದಕ್ಕಿಂತ ಜಾಸ್ತಿ ಆಡುತ್ತವೆ ಎಂದು ಗೊತ್ತಾಯಿತು. ಆದರೆ ನೋವಿನಿಂದ ಬಂದವರಿಗೆ ಕಡ್ಡಿ ಚುಚ್ಚಲು ಆಗುತ್ತದೆಯೇ?

ಈಗಿನ ದಾರಿಯಲ್ಲಿ ಚುಚ್ಚುವುದೇ ಇಲ್ಲ. ಸಿಟಿ ಸ್ಕ್ಯಾನ್‌ನಿಂದ ಆ ವ್ಯಕ್ತಿಯ ಒಂದೊಂದು ಮೂಳೆಯ ಆಕಾರವನ್ನೂ ಕಂಪ್ಯೂಟರಿನಲ್ಲಿ ಮಾಡಿಕೊಳ್ಳುತ್ತಾರೆ. ನಂತರ ಆತ ನಡೆಯುವಾಗ ಎರಡು ಕೋನಗಳಿಂದ ಎಕ್ಸ್‌ರೇ ವಿಡಿಯೋ. ದೀಪದ ಮುಂದೆ ಹಿಡಿದ ಕೈಯ ಒಂದೇ ನೆರಳು ನೋಡಿ ಕೈ ಎಷ್ಟು ತಿರುಗಿದೆ ಎಂದು ಹೇಳುವುದು ಕಷ್ಟ. ಎರಡು ನೆರಳಿದ್ದರೆ ಹೇಳಬಹುದು. ಹಾಗೆಯೇ ಎರಡೂ ನೆರಳಿಗೆ ಹೊಂದುವವರೆಗೆ ಕಂಪ್ಯೂಟರು ಮೂಳೆಯನ್ನು ತಿರುಗಿಸುತ್ತದೆ. ಟೇಲಸ್ ಕೊನೆಗೂ ಸಿಕ್ಕಿಬಿತ್ತು. ಕೊರತೆಗಳೂ ಇವೆ. ಯಂತ್ರದ ಮುಂದೆ ಹಿಡಿಯುವುದು ಒಂದೆರಡು ಹೆಜ್ಜೆ ಮಾತ್ರ. ಒಂದರ ಮೇಲೊಂದು ಬೀಳುವ ಮೂಳೆಗಳ ನೆರಳು ಬಿಡಿಸಲು ತಾಳ್ಮೆ ಬೇಕು. ಇದು ಇನ್ನೂ ಸಂಶೋಧನೆಯ ಸಲಕರಣೆ, ಸಾಮಾನ್ಯ ಆಸ್ಪತ್ರೆಯದಲ್ಲ.

ನಮಗೆ ಇದು ಮುಖ್ಯ ಅನ್ನಿಸಲು ಕಾರಣ ಆಗುಂಬೆ ಘಾಟಿಯ ಕೆಳಗಿದೆ. 1992ರಲ್ಲಿ ಮಣಿಪಾಲದ ಇಬ್ಬರು ವೈದ್ಯರು 2,300 ಮಕ್ಕಳ ಹೆಜ್ಜೆಯಚ್ಚು ಪರೀಕ್ಷಿಸಿದ ವರದಿ ಪ್ರಕಟಿಸಿದರು. ಚಪ್ಪಟೆ ಪಾದ ಇದ್ದದ್ದು ಶೂ, ಚಪ್ಪಲಿ ಹಾಕುವವರಲ್ಲಿ ಶೇ. 8.6, ಬರಿಗಾಲಿನವರಲ್ಲಿ ಶೇ. 2.8. ಅಚ್ಚು ಆಕಾರ ಹೇಳಿತು. ಒಳಗಿನ ಮೂಳೆಗಳ ನಡೆ ಬೇರೆ ಇತ್ತೇ ಎಂದು ಹೇಳಲು ಅಚ್ಚಿನಿಂದ ಸಾಧ್ಯವಿಲ್ಲ. ಬರಿಗಾಲಲ್ಲಿ ಗದ್ದೆ ಅಂಚು ತುಳಿದವರು, ತಳೆ ಹಾಕಿ ಅಡಿಕೆ ಮರ ಹತ್ತಿದವರು ನಮ್ಮಲ್ಲಿ ಇನ್ನೂ ಇರುವಾಗಲೇ ಅದನ್ನು ಅಳೆಯಬೇಕು ಎಂಬುದು ನನ್ನ ಆಸೆ.

ಅಲ್ಲಿಯವರೆಗೆ, ಚಪ್ಪಟೆ ಪಾದದ ನೋವಿಗೆ ಎಕ್ಸ್‌ರೇ ಬರೆದುಕೊಟ್ಟರೆ ‘ನಿಲ್ಲಿಸಿ ತೆಗೆಯಬೇಕಾ?’ ಎಂದು ಡಾಕ್ಟರನ್ನು ಕೇಳಿ. ಮಲಗಿಸಿ ತೆಗೆದರೆ ಮೈಭಾರ ಬೀಳದ ಪಾದದಲ್ಲಿ ಕುಸಿದ ಕಮಾನೂ ಸರಿ ಇದ್ದಂತೆ ಕಾಣಬಹುದು.