ಅಬಂಡನ್ಸ್: ಒಳಗೆ ಅಲೆ ಇರುವ ಪದ

ಅಬಂಡನ್ಸ್ ಅಂದರೆ ಸಮೃದ್ಧಿ, ಹೇರಳ. ಗೈಡ್‌ಗಳಲ್ಲಿ ಇಷ್ಟೇ ಇರುತ್ತದೆ. ನಾನೂ ಇಷ್ಟನ್ನೇ ಬಾಯಿಪಾಠ ಮಾಡಿದ್ದೆ, ಆದರೆ ವಾಕ್ಯ ಬರೆಯಿರಿ ಅಂದಾಗ ಕೈ ಓಡಲಿಲ್ಲ. ಪದ ಎಲ್ಲಿಂದ ಬಂತು ಅಂತ ಓದಿದ ಮೇಲೆ ಮತ್ತೆ ಮರೆತಿಲ್ಲ.

ಲ್ಯಾಟಿನ್‌ನಲ್ಲಿ ಉಂಡಾ ಅಂದರೆ ಅಲೆ. ಅದರ ಹಿಂದೆ ಅಬ್ ಸೇರಿ ಅಬುಂಡಾರೆ ಆಯ್ತು. ಅಂದರೆ ತುಂಬಿ, ಅಲೆಯಾಗಿ ಎದ್ದು, ಆಚೆ ಚೆಲ್ಲುವುದು. ಜುಲೈಯಲ್ಲಿ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಒಂದು ಸಲ ನಿಂತು ನೋಡಿ, ಅರ್ಥ ಕಣ್ಣೆದುರೇ ಇರುತ್ತದೆ. ಸುಮ್ನೆ ಜಾಸ್ತಿ ಇರುವುದಲ್ಲ, ತುಂಬಿ ಹೊರಗೆ ಬರುವಷ್ಟು ಇರುವುದು.

ಇದೇ ಅಲೆಯಿಂದ ಇನ್ನೂ ಪದಗಳು ಹುಟ್ಟಿವೆ. ಗಂಗಾವಳಿ ಉಕ್ಕಿ ಗದ್ದೆ ಮುಳುಗಿಸಿದರೆ ಇನಂಡೇಟ್. ಅಗತ್ಯ ಮೀರಿ ಉಳಿದದ್ದು ರಿಡಂಡಂಟ್. ಸುತ್ತುವರಿ ಅನ್ನುವ ಸರೌಂಡ್‌ಗೂ ಮೊದಲು ಉಕ್ಕಿ ಹರಿ ಅನ್ನುವ ಅರ್ಥವೇ ಇತ್ತು, ಇದು ನನಗೆ ತುಂಬಾ ಹಿಡಿಸಿದ ಸಂಗತಿ. ಒಂದು ಬೇರು ಹಿಡಿದರೆ ನಾಲ್ಕು ಪದ ಕೈಗೆ ಬಂತು ಅಲ್ವಾ?

ಈಗ ಬಳಕೆ. ಮೇ ತಿಂಗಳಲ್ಲಿ ಅಂಕೋಲೆಯ ಪೇಟೆಯಲ್ಲಿ ಇಶಾಡ ಮಾವು ಬೇಕಾದಷ್ಟು ಸಿಗುತ್ತದೆ ಅನ್ನಲು, ಮ್ಯಾಂಗೋಸ್ ಆರ್ ಫೌಂಡ್ ಇನ್ ಅಬಂಡನ್ಸ್. ಇಲ್ಲಿ ಇನ್ ಆದ ಮೇಲೆ ಆ್ಯನ್ (an) ಬರುವುದಿಲ್ಲ. ಆದರೆ ಮುಂದೆ ಆಫ್ ಬಂದರೆ ಆ್ಯನ್ ಬೇಕು: ಆ್ಯನ್ ಅಬಂಡನ್ಸ್ ಆಫ್ ಮ್ಯಾಂಗೋಸ್. ಗುಣಪದ ಅಬಂಡಂಟ್ ಬಳಸುವಾಗ ನಮ್ಮಲ್ಲಿ ಬಹಳ ಜನ ಅಬಂಡಂಟ್ ಆಫ್ ಅಂತ ಬರೆಯುತ್ತಾರೆ. ಅದು ತಪ್ಪು, ಅಬಂಡಂಟ್ ಇನ್ ಆಗಬೇಕು. ಉಚ್ಚಾರದಲ್ಲಿ ಒತ್ತು ಬನ್ ಮೇಲೆ, ಕೊನೆಗೆ ಡಾನ್ಸ್ ಅಲ್ಲ, ಡನ್ಸ್.

ಶಿರಸಿ ಕಡೆಯವರು ಒಂದು ವಿಷಯ ಗಮನಿಸಿ. ನಮ್ಮ ರಾಶಿ ಇದಕ್ಕೆ ತುಂಬಾ ಹತ್ತಿರದ ಪದ, ಆದರೆ ಪೂರ್ತಿ ಒಂದೇ ಅಲ್ಲ. ಹಲಸಿನಹಣ್ಣು ರಾಶಿ ಇದ್ದು ಅಂದರೆ ಅಬಂಡಂಟ್ ಸರಿಹೋಗುತ್ತದೆ. ರಾಶಿ ಚೊಲೋ ಇದ್ದು ಅಂದರೆ ಮಾತ್ರ ವೆರಿ ಗುಡ್ ಅನ್ನಬೇಕು, ಅಲ್ಲಿ ಅಬಂಡಂಟ್ ತುರುಕಬೇಡಿ. ಅಬಂಡಂಟ್ಲಿ ಕ್ಲಿಯರ್ ಅನ್ನುವ ಮಾತು ಇದೆ ನಿಜ, ಸ್ವಲ್ಪವೂ ಅನುಮಾನ ಇಲ್ಲದಷ್ಟು ಸ್ಪಷ್ಟ ಅಂತ. ಆ ಜೋಡಿಯನ್ನು ಹಾಗೆಯೇ ಕಲಿತುಬಿಡಿ.

ಇದರ ಜೊತೆ ಜನ ಬೆರೆಸಿಬಿಡುವ ಪದ ಪ್ಲೆಥೋರಾ. ಗ್ರೀಕ್ ಮೂಲದ್ದು, ತುಂಬಿರುವುದು ಅಂತಲೇ ಅರ್ಥ, ಆದರೆ ಇಂಗ್ಲಿಷಿಗೆ ಬಂದದ್ದು ವೈದ್ಯರ ಪದವಾಗಿ. ಮೈಯಲ್ಲಿ ರಕ್ತ ಅತಿಯಾಗಿದೆ ಅನ್ನುವ ಕಾಯಿಲೆಗೆ ಆ ಹೆಸರು, ಅದಕ್ಕೆ ಆಗಿನ ಮದ್ದು ರಕ್ತ ತೆಗೆಯುವುದು. ಹಾಗಾಗಿ ಎಚ್ಚರದಿಂದ ಬರೆಯುವವರು ಇವತ್ತಿಗೂ ಬೇಕಾದ್ದಕ್ಕಿಂತ ಹೆಚ್ಚಾದಾಗ ಮಾತ್ರ ಈ ಪದ ಬಳಸುತ್ತಾರೆ. ಬರೀ ತುಂಬಾ ಅನ್ನುವ ಅರ್ಥದಲ್ಲೂ ಈಗ ಓಡುತ್ತದೆ, ಆದರೆ ಪರೀಕ್ಷೆಯಲ್ಲಿ ಎರಡೂ ಆಯ್ಕೆ ಕೊಟ್ಟಿದ್ದರೆ ವಾಕ್ಯದಲ್ಲಿ ಖುಷಿ ಇದೆಯಾ, ಸಾಕಪ್ಪಾ ಅನ್ನುವ ಭಾವ ಇದೆಯಾ ನೋಡಿ.

ಮೀನು ಪೇಟೆಯಲ್ಲಿ ಇಟ್ಟು ನೋಡಿದರೆ ಇನ್ನೂ ಸುಲಭ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಆಗಸ್ಟ್‌ನಲ್ಲಿ ದೋಣಿಗಳು ಮತ್ತೆ ಇಳಿದು ಬುಟ್ಟಿ ತುಂಬಾ ಬಂಗಡೆ ಬಂದು ಎಲ್ಲರ ಮನೆಯಲ್ಲೂ ಸಾರಿನ ಪರಿಮಳ ಎದ್ದರೆ ಅದು ಅಬಂಡನ್ಸ್. ಕೊಳ್ಳುವವರೇ ಇಲ್ಲದಷ್ಟು ತಾರ್ಲೆ ಬಂದು ದರ ಬಿದ್ದು, ಕೊನೆಗೆ ತೆಂಗಿನ ಬುಡಕ್ಕೆ ಗೊಬ್ಬರವಾಗಿ ಹೋದರೆ ಅದಕ್ಕೆ ಪೇಟೆಯ ಪದ ಗ್ಲಟ್.