ಬುಡ ಕಡಿದರೂ ಮೈನ್‌ಕ್ರಾಫ್ಟ್ ಮರ ಯಾಕೆ ಬೀಳುವುದಿಲ್ಲ?

ಪ್ರಶ್ನೆ: ಮಗಳು ಮೈನ್‌ಕ್ರಾಫ್ಟ್ ಅನ್ನುವ ವಿಡಿಯೋ ಗೇಮ್ ಆಡುತ್ತಾಳೆ. ಮರದ ಬುಡ ಕಡಿದರೆ ಮೇಲಿನ ಅರ್ಧ ಗಾಳಿಯಲ್ಲೇ ನಿಂತಿರುತ್ತದೆ. ಮರಳಿನ ಕೆಳಗೆ ಅಗೆದರೆ ಮಾತ್ರ ಮರಳು ದಬದಬ ಬೀಳುತ್ತದೆ. ಒಂದೇ ಲೋಕದಲ್ಲಿ ಎರಡು ನ್ಯಾಯ ಯಾಕೆ ಅಂತ ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ.

ಉತ್ತರ: ಮಗಳು ಸರಿಯಾದ ಜಾಗದಲ್ಲೇ ಕೈಯಿಟ್ಟಿದ್ದಾಳೆ. ಈ ಆಟದಲ್ಲಿ ಎಲ್ಲರೂ ಮೊದಲು ಮಾಡುವ ಕೆಲಸ ಮರ ಕಡಿಯುವುದು, ಅದೂ ಬರಿಗೈಯಲ್ಲಿ. ಹಾಗಾಗಿ ಆಟ ಶುರುವಾಗಿ ಐದು ನಿಮಿಷಕ್ಕೇ ಈ ಪ್ರಶ್ನೆ ಎದುರಾಗುತ್ತದೆ.

ವಿಷಯ ಏನೆಂದರೆ, ಆ ಲೋಕದಲ್ಲಿ ಮರ ಅನ್ನುವ ಒಂದು ವಸ್ತುವೇ ಇಲ್ಲ. ಇರುವುದು ಒಂದೊಂದು ಮೀಟರ್ ಉದ್ದ, ಅಗಲ, ಎತ್ತರದ ಬ್ಲಾಕ್‌ಗಳು ಮಾತ್ರ. ನಮ್ಮ ಕಣ್ಣಿಗೆ ಅದು ಮರ. ಆಟದ ಲೆಕ್ಕದಲ್ಲಿ ಅದು ನಾಲ್ಕೈದು ದಿಮ್ಮಿ ಬ್ಲಾಕ್, ಸುತ್ತ ಒಂದಷ್ಟು ಎಲೆ ಬ್ಲಾಕ್. ಮೇಲಿನ ದಿಮ್ಮಿಗೆ ಕೆಳಗಿನ ದಿಮ್ಮಿಯ ಜೊತೆ ಯಾವ ನಂಟೂ ಇಲ್ಲ. ಕೆಳಗಿನದು ಹೋದರೂ ಅದು ಇದ್ದಲ್ಲೇ ಇರುತ್ತದೆ.

ಮರಳಿಗೆ ಒಂದು ನಿಯಮ ಜಾಸ್ತಿ ಕೊಟ್ಟಿದ್ದಾರೆ. ಪಕ್ಕದಲ್ಲಿ ಏನಾದರೂ ಬದಲಾದರೆ ಕೆಳಗೆ ನೋಡು, ಖಾಲಿ ಇದ್ದರೆ ಬೀಳು, ಅಷ್ಟೇ. ಜಲ್ಲಿಗೂ ಕಾಂಕ್ರೀಟ್ ಪುಡಿಗೂ ಇದೇ ನಿಯಮ. ಇಲ್ಲಿ 'ಬದಲಾದರೆ' ಅನ್ನುವ ಮಾತು ಮುಖ್ಯ. ಲೋಕ ತಯಾರಾಗುವಾಗಲೇ ಕೆಲವು ಕಡೆ ಮರಳು ಆಧಾರವಿಲ್ಲದೆ ತೂಗಾಡುತ್ತಿರುತ್ತದೆ. ಅದನ್ನು ಯಾರೂ ಮುಟ್ಟಿಲ್ಲ, ಹಾಗಾಗಿ ಅದು ಕೆಳಗೆ ನೋಡಿಯೇ ಇಲ್ಲ. ಪಕ್ಕದಲ್ಲಿ ಒಂದು ಬ್ಲಾಕ್ ಇಟ್ಟು ನೋಡಿ. ಮೊದಲ ಮರಳು ಬೀಳುತ್ತದೆ, ಅದು ಬಿದ್ದಿದ್ದಕ್ಕೆ ಪಕ್ಕದ್ದು, ಅದರಿಂದ ಮತ್ತೊಂದು. ನೋಡುನೋಡುತ್ತಲೇ ಇಡೀ ಚಪ್ಪರ ಕುಸಿಯುತ್ತದೆ.

ನನಗೆ ತುಂಬಾ ಇಷ್ಟವಾಗುವುದು ಎಲೆಯ ಲೆಕ್ಕ. ದಿಮ್ಮಿಗಳನ್ನೆಲ್ಲ ಕಡಿದ ಮೇಲೆ ಎಲೆಗಳು ನಿಧಾನವಾಗಿ ಮಾಯವಾಗುತ್ತವೆ, ಅಲ್ವಾ? ಕಂಪ್ಯೂಟರಿನ ಜಾವಾ ಆವೃತ್ತಿಯಲ್ಲಿ ಪ್ರತಿ ಎಲೆ ಬ್ಲಾಕ್ ಒಂದು ಸಂಖ್ಯೆ ಇಟ್ಟುಕೊಂಡಿರುತ್ತದೆ. ದಿಮ್ಮಿಗೆ ಅಂಟಿಕೊಂಡ ಎಲೆಯದು 1. ಅದರ ಪಕ್ಕದ್ದು 2, ಅದರಾಚೆಯದು 3. ಎಲೆ ದಿಮ್ಮಿಯನ್ನು ಹುಡುಕಿಕೊಂಡು ಹೋಗುವುದಿಲ್ಲ. ಪಕ್ಕದವರ ಸಂಖ್ಯೆ ಕೇಳಿ, ಅದರಲ್ಲಿ ಚಿಕ್ಕದಕ್ಕೆ ಒಂದು ಸೇರಿಸಿಕೊಳ್ಳುತ್ತದೆ. ಸಂಖ್ಯೆ 7 ಮುಟ್ಟಿತು ಅಂದರೆ ಹತ್ತಿರದಲ್ಲಿ ದಿಮ್ಮಿ ಇಲ್ಲ, ಉದುರಬೇಕು. ಉದುರುವುದೂ ಚೀಟಿ ಎತ್ತಿದ ಹಾಗೆ. 16 ಬ್ಲಾಕ್ ಉದ್ದ, ಅಗಲ, ಎತ್ತರದ ಒಂದು ತುಂಡಿನಲ್ಲಿ 4,096 ಬ್ಲಾಕ್‌ಗಳಿರುತ್ತವೆ. ಸೆಕೆಂಡಿಗೆ 20 ಸಲ, ಪ್ರತಿ ಸಲ ಮೂರು ಜಾಗಗಳ ಚೀಟಿ ಏಳುತ್ತದೆ. ಅಂದರೆ ಪ್ರತಿ ಎಲೆಗೂ ಸರಾಸರಿ 68 ಸೆಕೆಂಡಿಗೆ ಒಮ್ಮೆ ಸರದಿ ಬರುತ್ತದೆ. ಅದಕ್ಕೇ ಎಲೆಗಳು ಒಟ್ಟಿಗೆ ಹೋಗುವುದಿಲ್ಲ, ಅಲ್ಲೊಂದು ಇಲ್ಲೊಂದು ಹೋಗುತ್ತವೆ. ನಾವೇ ಕೈಯಾರೆ ಇಟ್ಟ ಎಲೆ ಮಾತ್ರ ಯಾವತ್ತೂ ಉದುರುವುದಿಲ್ಲ. ಬೇಲಿ ಮಾಡಿಕೊಂಡವರಿಗೆ ಇದು ಚೆನ್ನಾಗಿ ಗೊತ್ತು.

ಮರವನ್ನೂ ಬೀಳಿಸಬಹುದಿತ್ತಲ್ಲ ಅಂತ ನೀವು ಕೇಳಬಹುದು. ಮರಳು ತನ್ನ ಕೆಳಗಿನ ಒಂದು ಬ್ಲಾಕ್ ನೋಡಿದರೆ ಸಾಕು. ದಿಮ್ಮಿ ಅಥವಾ ಗೋಡೆ ಬೀಳಬೇಕಾದರೆ ಅದು ಸುತ್ತಿ ಬಳಸಿ ಎಲ್ಲಾದರೂ ನೆಲಕ್ಕೆ ತಾಗಿದೆಯಾ ಅಂತ ಹುಡುಕಬೇಕು. ದೊಡ್ಡ ಕೋಟೆಯಿಂದ ಒಂದು ಕಲ್ಲು ತೆಗೆದರೂ ಸಾವಿರಾರು ಬ್ಲಾಕ್ ತಡಕಬೇಕು. ಈ ಲೋಕದ ಅಗಲವೇ ಸುಮಾರು 6 ಕೋಟಿ ಬ್ಲಾಕ್. ಪಕ್ಕದ್ದನ್ನು ಮಾತ್ರ ನೋಡಿ ಕೆಲಸ ಮುಗಿಸಿದರೇನೇ ಇಷ್ಟೆಲ್ಲ ನಡೆಯುವುದು.

ಕೆಲಸ ಕಡಿಮೆ ಅನ್ನುವುದಷ್ಟೇ ಅಲ್ಲ, ಆಟಕ್ಕೂ ಇದೇ ಒಳ್ಳೆಯದು ಅಂತ ನನಗೆ ಅನ್ನಿಸುತ್ತದೆ. ಬ್ಲಾಕ್ ಗಾಳಿಯಲ್ಲಿ ನಿಲ್ಲುವುದರಿಂದಲೇ ಮಕ್ಕಳು ಬಂಡೆಯ ಅಂಚಿನಿಂದ ಒಂದೊಂದೇ ಬ್ಲಾಕ್ ಇಡುತ್ತಾ ಆಚೆ ದಡದವರೆಗೆ ಸೇತುವೆ ಕಟ್ಟುತ್ತಾರೆ. ಮೈನ್‌ಕ್ರಾಫ್ಟ್ ಒಳಗೇ ಆಡುವ ಸ್ಕೈಬ್ಲಾಕ್ ಅನ್ನುವ ಜನಪ್ರಿಯ ಆಟ ಶುರುವಾಗುವುದೇ ಗಾಳಿಯಲ್ಲಿ ತೇಲುವ ಒಂದು ಚೂರು ನೆಲ, ಅದರ ಮೇಲೊಂದು ಮರದಿಂದ. ಮರಳು ಬೀಳುವುದಕ್ಕೂ ಬೆಲೆಯಿದೆ. ಮರುಭೂಮಿಯಲ್ಲಿ ಅಗೆಯುವಾಗ ತಲೆಯ ಮೇಲೆ ಏನಿದೆ ಅನ್ನುವ ಭಯ ಇರಬೇಕಲ್ಲ.

ಮಗಳಿಗೆ ಒಂದು ಉಪಾಯ ಹೇಳಿಕೊಡಿ. ಎತ್ತರದ ಮರಳಿನ ಕಂಬ ಇದ್ದರೆ ಬುಡದ ಬ್ಲಾಕ್ ಒಡೆದು ತಕ್ಷಣ ಅಲ್ಲಿ ಟಾರ್ಚ್ (ಆಟದಲ್ಲಿ ಸಿಗುವ ಪಂಜು) ಇಡಬೇಕು. ಟಾರ್ಚ್ ಇರುವ ಜಾಗದಲ್ಲಿ ಮರಳು ಬ್ಲಾಕ್ ಆಗಿ ಕೂರಲಾರದು. ಹಾಗಾಗಿ ಮೇಲಿನದೆಲ್ಲ ಒಂದೊಂದಾಗಿ ಬಂದು ಒಡೆದು, ಎತ್ತಿಕೊಳ್ಳುವ ಸಾಮಾನಾಗಿ ಬೀಳುತ್ತದೆ. ಕಂಬ ಪೂರ್ತಿ ಕರಗುತ್ತದೆ, ಟಾರ್ಚ್ ಹಾಗೇ ಉರಿಯುತ್ತಿರುತ್ತದೆ.

ದಟ್ಟ ಕಾಡಿನಲ್ಲಿ ಮರ ಪೂರ್ತಿ ಕಡಿದರೂ ಎಲೆ ಉದುರದಿದ್ದರೆ ಪಕ್ಕದ ಮರ ನೋಡಲು ಹೇಳಿ. ದಿಮ್ಮಿ ಯಾವ ಜಾತಿಯ ಮರದ್ದು ಅಂತ ಎಲೆ ಕೇಳುವುದಿಲ್ಲ. ಓಕ್ ಮರದ ಎಲೆ ಪಕ್ಕದ ಬರ್ಚ್ ಮರದ ದಿಮ್ಮಿಯಿಂದ ಲೆಕ್ಕ ಹಾಕಿಕೊಂಡು ಅಲ್ಲೇ ಉಳಿದಿರುತ್ತದೆ.